ಬ್ಯಾಡಗಿ ಪುರಸಭೆ: ಕಿರು ಟಿಪ್ಪಣಿ

ಬ್ಯಾಡಗಿ ಎಂದರೆ ಮೆಣಸಿನಕಾಯಿ. ಪರೀಕ್ಷೆಯಲ್ಲಿ ಮಾತ್ರ ಪುರಸಭೆಯೂ ನೆನಪಿರಬೇಕು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವಿದು. ಹಾವೇರಿ, ರಾಣೆಬೆನ್ನೂರು ನಗರಸಭೆಗಳು, ಬ್ಯಾಡಗಿ ಪುರಸಭೆ.

ವ್ಯತ್ಯಾಸಕ್ಕೆ ಮುಖ್ಯ ಆಧಾರ ಜನಸಂಖ್ಯೆ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಪ್ರಕಾರ 20,000ದಿಂದ 50,000 ಜನರಿದ್ದರೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ. ಬ್ಯಾಡಗಿಯಲ್ಲಿ 23 ವಾರ್ಡು, ಹಾವೇರಿಯಲ್ಲಿ 31, ರಾಣೆಬೆನ್ನೂರಿನಲ್ಲಿ 35.

ಅಭ್ಯರ್ಥಿಗಳು ಎಡವುವುದು ಹುದ್ದೆಯ ಹೆಸರಲ್ಲಿ: ಪುರಸಭೆಯ ಆಡಳಿತ ನಡೆಸುವ ಅಧಿಕಾರಿ ಮುಖ್ಯಾಧಿಕಾರಿ, ನಗರಸಭೆಗಾದರೆ ಪೌರಾಯುಕ್ತ. ಅಧ್ಯಕ್ಷರನ್ನು ಮತದಾರರು ನೇರವಾಗಿ ಆರಿಸುವುದಿಲ್ಲ, ಸದಸ್ಯರು ಆರಿಸುತ್ತಾರೆ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ.

ಇನ್ನೊಂದು ಗೊಂದಲ: ಊರಿಗೆ ಹೆಸರು ತಂದ ಮೆಣಸಿನಕಾಯಿ ಮಾರುಕಟ್ಟೆ ಪುರಸಭೆಯದಲ್ಲ, ಎಪಿಎಂಸಿಯದು. ಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು 2011ರಲ್ಲಿ.