ಸುಖಾಂತ್ಯ ಕಂಡರೆ ಸಿಟ್ಟು ಬರುತ್ತದೆ

ಪ್ರಶ್ನೆ: ನನಗೆ 38 ವರ್ಷ. ರಾಜಾಜಿನಗರದ ಬಾಡಿಗೆ ಮನೆಯಲ್ಲಿ ನಾನು, ಅವನು ಒಂಬತ್ತು ವರ್ಷ ಒಟ್ಟಿಗಿದ್ದೆವು. ಓನರ್‌ಗೂ ನೆಂಟರಿಗೂ ನಾವು ರೂಮ್‌ಮೇಟ್ಸ್. ಕಳೆದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ. ವೈಕುಂಠ ಸಮಾರಾಧನೆಯ ದಿನ ನಾನು ಪಂಕ್ತಿಗೆ ವಡೆ ಬಡಿಸಿದೆ. ‘ಫ್ರೆಂಡ್ ಅಂದ್ರೆ ಹೀಗಿರ್ಬೇಕು’ ಅಂತ ಯಾರೋ ಹೊಗಳಿದರು. ಅವನ ಅಮ್ಮ ಈಗಲೂ ಭಾನುವಾರ ಫೋನ್ ಮಾಡಿ ‘ಊಟ ಆಯ್ತೇನಪ್ಪಾ’ ಅಂತಾರೆ. ಅವನ ಅಕ್ಕನಿಗೆ ಮಾತ್ರ ವಿಷಯ ಗೊತ್ತಿರಬಹುದು ಅನ್ನಿಸುತ್ತೆ. ಮೊನ್ನೆ ಸ್ನೇಹಿತರ ಜೊತೆ ಮರಾಠಿಯ ‘ಸಾಬರ್ ಬೋಂಡ’ ನೋಡಿದೆ. ಎಲ್ಲರಿಗೂ ಖುಷಿ, ನನಗೆ ಮೈಯೆಲ್ಲ ಉರಿ. ಇದೆಲ್ಲ ಎಲ್ಲಿ ನಡೆಯುತ್ತೆ? ನಿದ್ದೆ ಬರದೆ ಹೆಚ್ಚುಕಮ್ಮಿ ದಿನಾ ರಾತ್ರಿ ‘ಬ್ರೋಕ್‌ಬ್ಯಾಕ್ ಮೌಂಟನ್’ ಹಾಕಿಕೊಂಡು ಕೂರುತ್ತೇನೆ. ಅದೇ ನಿಜ ಅನ್ನಿಸುತ್ತೆ. ಈ ನಡುವೆ ಒಬ್ಬರು ಕಾಫಿಗೆ ಕರೆಯುತ್ತಿದ್ದಾರೆ. ಹೋಗೋಕೆ ಮನಸ್ಸಿಲ್ಲ, ಬೇಡ ಅನ್ನೋಕೂ ಆಗ್ತಿಲ್ಲ. ಸುಖಾಂತ್ಯ ಅನ್ನೋದು ಸುಳ್ಳಲ್ವಾ ಮೇಡಂ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ದಿನಾ ಅದೇ ಸಿನಿಮಾ ನೋಡುತ್ತೀರೆಂದು ನಿಮ್ಮನ್ನು ಬೈಯುವುದಿಲ್ಲ. ಆಂಗ್ ಲೀ 2005ರಲ್ಲಿ ಮಾಡಿದ ಆ ಚಿತ್ರದಲ್ಲಿ ಎನಿಸ್ ತನ್ನ ಪ್ರೇಮಿ ಜ್ಯಾಕನಿಗೆ ಬರೆದ ಪೋಸ್ಟ್‌ಕಾರ್ಡಿನ ಮೇಲೆ, ವಿಳಾಸದಾರ ತೀರಿಕೊಂಡಿದ್ದಾನೆಂಬ ಮುದ್ರೆ ಬಿದ್ದು ಅದು ವಾಪಸ್ ಬರುತ್ತದೆ. ಏನಾಯಿತೆಂದು ತಿಳಿಯಲು ಅವನು ಫೋನ್ ಮಾಡಬೇಕಾದದ್ದು ಜ್ಯಾಕನ ಹೆಂಡತಿಗೆ. ಅವಳು ಗಂಡ ಸತ್ತ ಬಗೆಯನ್ನು ಪಾಠ ಒಪ್ಪಿಸಿದ ಹಾಗೆ ಹೇಳುತ್ತಾಳೆ. ಈಚೆಗೆ ಫೋನ್ ಹಿಡಿದು ನಿಂತವನು ಬರೀ ಸ್ನೇಹಿತ, ಅಳುವ ಹಾಗಿಲ್ಲ. ವಡೆಯ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಓಡಾಡಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ. ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ಸಂಬಂಧಕ್ಕೆ ಹೆಸರಿಲ್ಲದಿದ್ದರೆ ಸಾವಿಗೆ ಸಾಂತ್ವನವೂ ಸಿಗುವುದಿಲ್ಲ. ಆ ಪಂಕ್ತಿಯಲ್ಲಿ ನಿಮಗೆ ಸಿಗದಿದ್ದದ್ದು ರಾತ್ರಿ ಟೀವಿ ಮುಂದೆ ಸಿಗುತ್ತಿದೆ.

ಆದರೆ ‘ಅದೇ ನಿಜ’ ಎಂಬ ಮಾತನ್ನು ಒಪ್ಪಲಾರೆ. ದುಃಖಾಂತ್ಯವೂ ಒಂದು ಕಾಲದ ಕಟ್ಟುಪಾಡೇ. ಇ.ಎಂ. ಫಾರ್ಸ್ಟರ್ 1913-14ರಲ್ಲಿ ‘ಮಾರಿಸ್’ ಬರೆದಾಗ ಇಬ್ಬರು ಗಂಡಸರು ಕೊನೆಗೆ ಒಂದಾಗಲೇಬೇಕೆಂದು ಹಟ ಹಿಡಿದರು. ಇಬ್ಬರಲ್ಲೊಬ್ಬ ಸತ್ತಿದ್ದರೆ ಪುಸ್ತಕ ಅಚ್ಚಾಗುವುದು ಸುಲಭವಿತ್ತೆಂದು ಅವರೇ ಬರೆದುಕೊಂಡಿದ್ದಾರೆ. ಅದು ಹೊರಬಂದದ್ದು 1971ರಲ್ಲಿ, ಅವರು ತೀರಿಕೊಂಡ ಮೇಲೆ. ಇಂಥವರು ಸತ್ತರೆ ಮಾತ್ರ ಓದುಗರ ಕನಿಕರ ಎಂಬ ಲೆಕ್ಕಾಚಾರ ಎಷ್ಟೋ ಕಥೆಗಳ ಹಿಂದಿತ್ತು. ಅದನ್ನು ವಾಸ್ತವ ಅಂತ ನಂಬಿ ನಿಮ್ಮ ಮುಂದಿನ ವರ್ಷಗಳನ್ನು ಅದಕ್ಕೆ ಒಪ್ಪಿಸಬೇಡಿ. ಹಾಗಂತ ಕೊನೆಯ ಹತ್ತು ನಿಮಿಷದಲ್ಲಿ ಇಡೀ ವಠಾರದ ಮನಸ್ಸು ಬದಲಾಗಿ ಎಲ್ಲರೂ ಕುಣಿಯುವ ಚಿತ್ರಗಳು ನನಗೂ ರುಚಿಸುವುದಿಲ್ಲ.

‘ಸಾಬರ್ ಬೋಂಡ’ ಆ ಜಾತಿಯದಲ್ಲ. ಅಲ್ಲಿ ಸಾವು ಮೊದಲೇ ಆಗಿಹೋಗಿದೆ. ಅಪ್ಪನ ಹತ್ತು ದಿನದ ಸೂತಕಕ್ಕೆ ಮುಂಬೈಯಿಂದ ಊರಿಗೆ ಬಂದ ಆನಂದನಿಗೆ ಬಾಲ್ಯದ ಗೆಳೆಯ ಸಿಗುತ್ತಾನೆ, ಪಾಪಸುಕಳ್ಳಿ ಹಣ್ಣು ತಿನ್ನಿಸುತ್ತಾನೆ. ನಿರ್ದೇಶಕ ರೋಹನ್ ಕಾನವಡೆ ತಮ್ಮ ತಂದೆಯ ಸೂತಕದಲ್ಲಿ ಊರಿನಲ್ಲಿದ್ದಾಗ ನೆಂಟರು ಮದುವೆ ಮದುವೆ ಎಂದು ಜೀವ ತಿಂದಿದ್ದರು. ಅಲ್ಲಿ ತನಗೊಬ್ಬ ಗೆಳೆಯ ಇದ್ದಿದ್ದರೆ ಎಂಬ ಕಲ್ಪನೆಯಿಂದ ಹುಟ್ಟಿದ ಕಥೆ ಇದು. ಇದೆಲ್ಲ ಎಲ್ಲಿ ನಡೆಯುತ್ತೆ ಎಂದಿರಿ. ಅವರಿಗೂ ನಡೆದಿರಲಿಲ್ಲ. 2025ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ದೊಡ್ಡ ಬಹುಮಾನ ಗೆದ್ದದ್ದು, ಸಿಗದೇ ಹೋದದ್ದರ ನೆನಪಿನಲ್ಲಿ ಕಟ್ಟಿದ ಚಿತ್ರ.

ಅದರ ಕೊನೆಯ ಬಗ್ಗೆ ನಿಮಗೆ ನಿಜವಾಗಿ ಸಿಟ್ಟಿದೆಯೇ? ನನಗೆ ಅನುಮಾನ. ಆನಂದನ ತಾಯಿಗೆ ಮಗನ ವಿಷಯ ಗೊತ್ತು, ಅವಳು ಅವನ ಪರ. ನಿಮ್ಮವನ ತಾಯಿ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ, ಯಾರಿಗೆ ಮಾಡುತ್ತಿದ್ದೇನೆಂದು ಅವರಿಗೆ ಗೊತ್ತಿಲ್ಲ. ಉರಿ ಅಲ್ಲಿಯದು. ಅದು ಹೊಟ್ಟೆಕಿಚ್ಚೇ, ಹಾಗೆ ಒಪ್ಪಿಕೊಳ್ಳಲು ನಾಚಿಕೆ ಬೇಡ. 2018ರಲ್ಲಿ ಸುಪ್ರೀಂ ಕೋರ್ಟು ನಿಮ್ಮ ಪ್ರೀತಿ ಅಪರಾಧವಲ್ಲ ಎಂದಿತು, 2023ರಲ್ಲಿ ಮದುವೆಯ ಹಕ್ಕು ಕೊಡಲಾಗದು ಎಂದಿತು. ಇವತ್ತಿಗೂ ಕಾಗದಪತ್ರದಲ್ಲಿ ನೀವು ಅವನಿಗೆ ಏನೂ ಅಲ್ಲ. ಸಿಟ್ಟಿಗೆ ಕಾರಣ ಸಾಕಷ್ಟಿದೆ, ಆದರೆ ಅದನ್ನು ಸಿನಿಮಾದ ಮೇಲೆ ತೀರಿಸಿಕೊಂಡು ಪ್ರಯೋಜನವಿಲ್ಲ.

ಕನ್ನಡದಲ್ಲೇ ಒಂದು ಪುಸ್ತಕ ಇದೆ, ಓದಿಲ್ಲದಿದ್ದರೆ ಓದಿ. ವಸುಧೇಂದ್ರ ಅವರ ‘ಮೋಹನಸ್ವಾಮಿ’, 2013ರದ್ದು. ಜೊತೆಗಿದ್ದ ಗೆಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟುಬಿಡುತ್ತಾನೆ. ಮೋಹನಸ್ವಾಮಿಗೆ ಅವನು ಮರಳಿ ಸಿಗುವುದಿಲ್ಲ, ಹಾಗಂತ ಇವನು ಸಾಯುವುದೂ ಇಲ್ಲ. ಮುಂದೊಂದು ಕಥೆಯಲ್ಲಿ ಏದುಸಿರು ಬಿಡುತ್ತ ಕಿಲಿಮಂಜಾರೋ ಹತ್ತುತ್ತಾನೆ. ನಿಮ್ಮ ಪ್ರಶ್ನೆಯ ಸುಖಾಂತ್ಯ, ದುಃಖಾಂತ್ಯ ಎರಡರ ಲೆಕ್ಕಕ್ಕೂ ಅದು ಸಿಗದು.

ಅಮ್ಮನಿಗೆ ಹೇಳಿಬಿಡಲೇ ಎಂದು ನೀವು ಕೇಳಿಲ್ಲ, ಆದರೂ ಕಾಗದದ ತುಂಬ ಅದೇ ಇದೆ. ಈಗ ಬೇಡ. ಒಂಬತ್ತು ವರ್ಷ ಅವನೂ ಹೇಳಲಿಲ್ಲ, ಆ ಗುಟ್ಟಿನಲ್ಲಿ ಅವನ ಪಾಲೂ ಇದೆ. ಮೊದಲು ಅಕ್ಕನ ಹತ್ತಿರ ಮಾತಾಡಿ. ‘ಬ್ರೋಕ್‌ಬ್ಯಾಕ್’ನಲ್ಲಿ ಎನಿಸ್ ಜ್ಯಾಕನ ಅಂಗಿಯನ್ನು ಕೈಯಲ್ಲಿ ಹಿಡಿದು ಮಹಡಿಯಿಂದ ಇಳಿದು ಬಂದಾಗ ಜ್ಯಾಕನ ತಾಯಿ ಏನೂ ಕೇಳದೆ ಅದನ್ನಿಡಲು ಕಾಗದದ ಚೀಲ ಕೊಡುತ್ತಾಳೆ. ಎಷ್ಟು ಸಲ ನೋಡಿದ್ದೀರೋ, ಇದನ್ನು ಗಮನಿಸಿದ್ದೀರಾ? ಅವನ ಅಕ್ಕನೂ ಅಂಥವರಿರಬಹುದು. ‘ಅಕ್ಕಾ, ಅವನ ವಿಷಯ ಸ್ವಲ್ಪ ಮಾತಾಡಬೇಕಿತ್ತು’ ಅನ್ನಿ. ಅವರು ಮಾತು ಮುಂದುವರಿಸುತ್ತಾರೋ ತಿರುಗಿಸುತ್ತಾರೋ ನೋಡಿಕೊಂಡು ಮುಂದಿನ ಹೆಜ್ಜೆ ಇಡಿ. ವರ್ಷದ ತಿಥಿಗೆ ಮುಂಚೆಯೇ ಮಾತಾಡಿದರೆ, ಆ ದಿನ ಮನೆಯಲ್ಲಿ ನಿಮ್ಮ ಕಣ್ಣು ತಪ್ಪಿಸದ ಒಬ್ಬರಾದರೂ ಇರುತ್ತಾರೆ.

ನಿದ್ದೆಯದು ಬೇರೆ ಮಾತು. ಇಷ್ಟು ದಿನ ಕೆಟ್ಟ ನಿದ್ದೆಯನ್ನು ಸಿನಿಮಾ ಸರಿಮಾಡದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸತ್ತವನು ರೂಮ್‌ಮೇಟ್ ಎಂದು ಅಲ್ಲೂ ಹೇಳಬೇಡಿ.

ಇನ್ನು ಕಾಫಿ. ಅವರಿಗೆ ಮೊದಲೇ ಹೇಳಿ: ನಾನು ಒಬ್ಬನನ್ನು ಕಳೆದುಕೊಂಡಿದ್ದೇನೆ, ಮಾತು ಅವನ ಕಡೆಗೇ ಹೋಗಬಹುದು. ಅದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೆ ಬಿಡಿ. ಸರಿ ಅಂದರೆ ಒಂದು ಸಂಜೆ ಹೋಗಿ ಬನ್ನಿ, ಸದ್ಯಕ್ಕೆ ಅಷ್ಟೇ.