ಗೆದ್ದ ದುಡ್ಡು ಮುಟ್ಟಬೇಡಿ

ನನ್ನ ಬಳಿ ಕೆಂಪು ಬಟ್ಟೆಯ ಹೊದಿಕೆ ಇರುವ ಉದ್ದನೆಯ ಲೆಕ್ಕದ ಪುಸ್ತಕ ಒಂದಿದೆ. ದಾವಣಗೆರೆಯ ಅಂಗಡಿಗಳಲ್ಲಿ ದೀಪಾವಳಿಯ ದಿನ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರಲ್ಲ, ಅಂಥದ್ದು. ಮೊದಲ ಪುಟದಲ್ಲಿ 2019ರ ಒಂದು ದಿನಾಂಕ, ಕೆಳಗೆ ನನ್ನ ತಮ್ಮನ ಹೆಸರು, ಅದರ ಮುಂದೆ ‘ಮೊದಲ ಪ್ರೊ ಫೈಟ್’ ಎಂದು ಬರೆದಿದ್ದೇನೆ. ಸಹಕಾರಿ ಬ್ಯಾಂಕಿನಲ್ಲಿ 19 ವರ್ಷ ಕೆಲಸ ಮಾಡಿದವಳು ನಾನು. ಸಾಲ ಕೇಳಿ ಬಂದ ನೂರಾರು ಜನರ ಆದಾಯ, ಖರ್ಚು ನೋಡಿದ್ದೇನೆ. ಆದರೂ ದೇಹವನ್ನೇ ಬಂಡವಾಳ ಮಾಡಿಕೊಂಡವನ ಲೆಕ್ಕ ಹೇಗೆ ಬರೆಯಬೇಕೆಂದು ಕಲಿತದ್ದು ಈ ಪುಸ್ತಕದಿಂದಲೇ.

ನಮ್ಮಪ್ಪ ಗರಡಿ ಮನೆಯ ಪೈಲ್ವಾನರು. ಜಾತ್ರೆ ಕುಸ್ತಿ ಗೆದ್ದರೆ ಬೆಳ್ಳಿ ಕಡಗ, ಒಂದಿಷ್ಟು ಇನಾಮು, ಊರವರ ಮರ್ಯಾದೆ. ಹೊಟ್ಟೆಪಾಡಿಗೆ ಹೊಲ ಇತ್ತು. ತಮ್ಮನೂ ಅದೇ ಮಟ್ಟಿಯಲ್ಲಿ ಬೆಳೆದವನು. ಬೆಂಗಳೂರಿಗೆ ಹೋದ ಮೇಲೆ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ ಹಿಡಿದ. ಕುಸ್ತಿ, ಬಾಕ್ಸಿಂಗ್, ಮುಯೆ ಥಾಯ್, ಜುಜಿತ್ಸು ಎಲ್ಲ ಬೆರೆತ ಕಾಳಗ ಅದು. ಐದು ನಿಮಿಷದ ಮೂರು ರೌಂಡು, ಸುತ್ತ ಕೇಜು. ಕುಸ್ತಿಯಲ್ಲೇ ಇದ್ದಿದ್ದರೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ನೌಕರಿಗೆ ಪ್ರಯತ್ನಿಸಬಹುದಿತ್ತು. ಅವನು ಆರಿಸಿಕೊಂಡ ದಾರಿಯಲ್ಲಿ ತಿಂಗಳ ಸಂಬಳದ ಆಸರೆ ಇರಲಿಲ್ಲ.

ಮೊದಲ ಪಂದ್ಯದ ಕರಾರಿನಲ್ಲಿ ‘25 ಪ್ಲಸ್ 25’ ಎಂದಿತ್ತು. ಕೇಜಿನೊಳಗೆ ಕಾಲಿಟ್ಟರೆ 25,000, ಗೆದ್ದರೆ ಮತ್ತೆ 25,000. ಮೊದಲನೆಯದನ್ನು ಶೋ ಮನಿ, ಎರಡನೆಯದನ್ನು ವಿನ್ ಬೋನಸ್ ಅನ್ನುತ್ತಾರೆ. ತಮ್ಮ ಗೆದ್ದ. ಮನೆಯಲ್ಲಿ ಹೋಳಿಗೆ ಮಾಡಿದೆವು. ಮರುದಿನ ನಾನು ಲೆಕ್ಕಕ್ಕೆ ಕೂತೆ.

ಎಂಟು ವಾರದ ತಯಾರಿ ಕ್ಯಾಂಪಿನಲ್ಲಿ ಮೊಟ್ಟೆ, ಕೋಳಿ, ಪ್ರೋಟೀನ್ ಪುಡಿಗೆ 16,000. ಜಿಮ್ ಮತ್ತು ವಿಶೇಷ ತರಬೇತಿಗೆ 8,000. ಫಿಸಿಯೊಗೆ 4,500. ಪಂದ್ಯಕ್ಕೆ ಮುಂಚೆ ಕಡ್ಡಾಯವಾದ ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ, ಸ್ಕ್ಯಾನಿಗೆ 6,500. ಕಾರ್ನರಿನಲ್ಲಿ ನಿಲ್ಲುವ ಗೆಳೆಯನ ರೈಲು ಚಾರ್ಜು, ರೂಮು ಸೇರಿ 7,000. ಒಟ್ಟು 42,000. ಬಂದ 50,000ದಲ್ಲಿ ಶೇ 10 ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ, ಇನ್ನು ಶೇ 10 ಕೋಚ್ ಪಾಲು. ಕೈಗೆ ಸಿಕ್ಕಿದ್ದು 40,000. ಗೆದ್ದ ಪಂದ್ಯದಲ್ಲಿ 2,000 ಕೈಯಿಂದ ಹೋಗಿತ್ತು.

“ಏನಕ್ಕಾ, ನಾ ಗೆದ್ದು ಬಂದೀನಿ, ಲೆಕ್ಕದಾಗೆ ಸೋತೈತಲ್ಲ” ಅಂದ ತಮ್ಮ. ಅವನ ಮುಖ ನೋಡಲಾಗಲಿಲ್ಲ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದ ಮೇಲೆ ಟಿಡಿಎಸ್‌ನ 5,000 ವಾಪಸ್ ಬಂತು. ಎರಡು ತಿಂಗಳ ಬೆವರಿಗೆ, ಸೀಳಿದ ಹುಬ್ಬಿಗೆ ಉಳಿದದ್ದು 3,000. ಸೋತಿದ್ದರೆ ಕೋಚ್ ಪಾಲು ಕಳೆದು 22,500 ಬರುತ್ತಿತ್ತು, 19,500 ನಷ್ಟವಾಗುತ್ತಿತ್ತು.

ಸಣ್ಣ ಪಂದ್ಯಗಳ ಪಾಡು ಹೀಗೆ, ದೊಡ್ಡ ವೇದಿಕೆ ಹತ್ತಿದರೆ ಎಲ್ಲ ಸರಿಹೋಗುತ್ತದೆ ಎಂದು ಆಗ ನಾವೂ ನಂಬಿದ್ದೆವು. ಎಂಎಂಎಯ ಅತಿ ದೊಡ್ಡ ವೇದಿಕೆ ಅಮೆರಿಕದ ಯುಎಫ್‌ಸಿ. 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಅದರ ಮೊದಲ ಕೂಟ ನಡೆಯಿತು. 2001ರಲ್ಲಿ ಆ ಕಂಪನಿ ಕೈಬದಲಾದದ್ದು 20 ಲಕ್ಷ ಡಾಲರಿಗೆ. 2016ರಲ್ಲಿ ಮತ್ತೆ ಮಾರಾಟವಾದಾಗ ಬೆಲೆ ಸುಮಾರು 400 ಕೋಟಿ ಡಾಲರ್. ಕಂಪನಿ ಹೀಗೆ ಬೆಳೆದರೂ ಹೊಸದಾಗಿ ಸೇರಿದ ಆಟಗಾರರ ಕರಾರು ಬಹುಕಾಲ ‘10 ಪ್ಲಸ್ 10’ ಸಾವಿರ ಡಾಲರಿನ ಆಸುಪಾಸಿನಲ್ಲೇ ಉಳಿಯಿತು. ಅಲ್ಲಿಯ ಆಟಗಾರ ಕಂಪನಿಯ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಪಿಂಚಣಿ ಇಲ್ಲ. ತರಬೇತುದಾರ, ಮ್ಯಾನೇಜರ್, ತೆರಿಗೆ ಎಲ್ಲ ಅವನ ಜೇಬಿನಿಂದಲೇ. ನಿಗದಿತ ತೂಕ ಮೀರಿದರೆ ಶೋ ಮನಿಯ ಶೇ 20ರಿಂದ 30 ಎದುರಾಳಿಗೆ ಹೋಗುತ್ತದೆ. ನಾಕೌಟ್ ಆದವನಿಗೆ ಅಲ್ಲಿಯ ಅಥ್ಲೆಟಿಕ್ ಕಮಿಷನ್‌ಗಳು 30 ದಿನ, 60 ದಿನ ಪಂದ್ಯ ಆಡದಂತೆ ತಡೆ ಹಾಕುತ್ತವೆ. ಮೂಳೆ ಮುರಿದಿರುವ ಅನುಮಾನವಿದ್ದರೆ ವೈದ್ಯರು ಒಪ್ಪುವ ತನಕ 180 ದಿನವೂ ಆಗಬಹುದು. ಆಟಗಾರನ ಆರೋಗ್ಯದ ದೃಷ್ಟಿಯಿಂದ ಇದು ಸರಿ. ಆದರೆ ಆ ದಿನಗಳಲ್ಲಿ ಆದಾಯ ಸೊನ್ನೆ.

ಆದಾಯದ ಈ ಹಂಚಿಕೆಯ ವಿರುದ್ಧ 2014ರ ಡಿಸೆಂಬರ್‌ನಲ್ಲಿ ಕಂಗ್ ಲೀ ಮತ್ತಿತರ ಆಟಗಾರರು ಕೋರ್ಟಿಗೆ ಹೋದರು. ಕಂಪನಿಯ ಆದಾಯದಲ್ಲಿ ಆಟಗಾರರಿಗೆ ಸಿಗುವುದು ಐದನೇ ಒಂದು ಪಾಲಿನ ಹತ್ತಿರ ಎಂಬುದು ಆ ಮೊಕದ್ದಮೆಯಲ್ಲಿ ಹೊರಬಂತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಆಟಗಾರರ ಪಾಲು ಸುಮಾರು ಅರ್ಧ; ಏಕೆಂದರೆ ಅವರಿಗೆ ಸಂಘವಿದೆ. ಹತ್ತು ವರ್ಷದ ಹೋರಾಟದ ನಂತರ, 2025ರ ಫೆಬ್ರವರಿಯಲ್ಲಿ 37.5 ಕೋಟಿ ಡಾಲರಿನ ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಆ ಹಣ ತಮಗೆ ಎಷ್ಟು ತುರ್ತಾಗಿ ಬೇಕಾಗಿದೆ ಎಂದು ಹಲವು ಆಟಗಾರರು ನ್ಯಾಯಾಧೀಶರಿಗೆ ಬರೆದುಕೊಂಡಿದ್ದರು. ಟಿವಿಯಲ್ಲಿ ನಾವು ಕಂಡು ಚಪ್ಪಾಳೆ ತಟ್ಟಿದ ಮುಖಗಳು ಅವು.

ನಮ್ಮ ದೇಶದವರನ್ನೇ ನೋಡಿ. ಉತ್ತರಾಖಂಡದ ಅಂಶುಲ್ ಜುಬ್ಲಿ ‘ರೋಡ್ ಟು ಯುಎಫ್‌ಸಿ’ ಗೆದ್ದು 2023ರಲ್ಲಿ ಕರಾರು ಪಡೆದರು. 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಆ ರಾತ್ರಿ ನಮ್ಮ ತಮ್ಮ ಕಣ್ಣೀರು ಹಾಕಿದ. 2025ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಜುಬ್ಲಿಯವರ ಪಂದ್ಯ 19 ಸೆಕೆಂಡಿನಲ್ಲಿ ಸೋಲಿನಲ್ಲಿ ಮುಗಿಯಿತು. ತಿಂಗಳುಗಟ್ಟಲೆ ತಯಾರಿ ಮಾಡಿದವರು ಅವರು. ಅವರ ಶ್ರಮದಲ್ಲಿ ಕೊರತೆ ಇರಲಿಲ್ಲ. ಈ ಆಟದಲ್ಲಿ ವಿನ್ ಬೋನಸ್ ಎಂಬುದು 19 ಸೆಕೆಂಡಿನಲ್ಲಿ ಕೈಜಾರಬಹುದಾದ ಹಣ. ಅದನ್ನು ನೆಚ್ಚಿಕೊಂಡು ಮನೆ ಬಾಡಿಗೆ ಕಟ್ಟಲು ಸಾಧ್ಯವಿಲ್ಲ.

ನಮ್ಮ ಮನೆಗೆ ನಿಜವಾದ ಪೆಟ್ಟು ಬಿದ್ದದ್ದು 2022ರಲ್ಲಿ. ಅದೂ ಪಂದ್ಯದಲ್ಲಿ ಅಲ್ಲ, ಅಭ್ಯಾಸದಲ್ಲಿ. ಸ್ಪಾರಿಂಗ್ ಮಾಡುವಾಗ ಬಲ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆಗೆ 2,35,000 ಆಯಿತು. ನಾನು ನೆಮ್ಮದಿಯಾಗಿದ್ದೆ, ಏಕೆಂದರೆ ಅವನ ಹೆಸರಿನಲ್ಲಿ 5 ಲಕ್ಷದ ಆರೋಗ್ಯ ವಿಮೆ ಮಾಡಿಸಿದ್ದೆ. ವಿಮಾ ಕಂಪನಿ ಕ್ಲೇಮನ್ನು ತಿರಸ್ಕರಿಸಿತು. ಅಪಾಯಕಾರಿ ಅಥವಾ ಸಾಹಸ ಕ್ರೀಡೆಯಲ್ಲಿ ವೃತ್ತಿಪರನಾಗಿ ತೊಡಗಿದಾಗ ಬೇಕಾಗುವ ಚಿಕಿತ್ಸೆಗೆ ಹಣವಿಲ್ಲ ಎಂಬ ಷರತ್ತನ್ನು ಅವರು ತೋರಿಸಿದರು. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲೇ ಆ ಷರತ್ತು ಇದೆ. ಪಟ್ಟಿಯಲ್ಲಿ ಪರ್ವತಾರೋಹಣ, ಮೋಟಾರು ರೇಸು, ಸ್ಕೈ ಡೈವಿಂಗ್ ಹೆಸರುಗಳಿವೆ. ‘ಇವಷ್ಟಕ್ಕೇ ಸೀಮಿತವಲ್ಲ’ ಎಂಬ ಮಾತೂ ಇದೆ. ಪಾಲಿಸಿ ತೆಗೆದುಕೊಳ್ಳುವಾಗ ಅವನ ವೃತ್ತಿ ‘ಫಿಟ್‌ನೆಸ್ ತರಬೇತುದಾರ’ ಎಂದು ಏಜೆಂಟ್ ಬರೆದಿದ್ದ. ನಾನು ಓದಿ ಸಹಿ ಹಾಕಿಸಬೇಕಿತ್ತು. ಬ್ಯಾಂಕಿನವಳಾಗಿ ಆ ಕಾಗದ ಓದದೆ ಬಿಟ್ಟದ್ದು ನನ್ನ ತಪ್ಪು. ಅವನಿಗಾಗಿ ಕಟ್ಟುತ್ತಿದ್ದ ಆರ್.ಡಿ.ಯನ್ನು ಅವಧಿಗೆ ಮುಂಚೆ ಮುರಿಸಿದೆ, ನನ್ನ ನಾಲ್ಕು ಬಳೆ ಅಡ ಇಟ್ಟೆ. ಬಿಡಿಸಿಕೊಳ್ಳಲು 18 ತಿಂಗಳು ಹಿಡಿಯಿತು.

ಆ ದಿನಗಳಲ್ಲಿ ತಮ್ಮ ಮಂಚದ ಮೇಲೆ ಮಂಡಿ ಎತ್ತಿಟ್ಟುಕೊಂಡು ಫ್ರಾನ್ಸಿಸ್ ಎನ್‌ಗಾನು ಅವರ ಕತೆ ಹೇಳುತ್ತಿದ್ದ. ಕ್ಯಾಮರೂನಿನ ಬಾಟಿಯೆ ಎಂಬ ಊರಿನಲ್ಲಿ ಹುಡುಗನಾಗಿದ್ದಾಗಲೇ ಮರಳು ಕ್ವಾರಿಯಲ್ಲಿ ದುಡಿದು, 2021ರಲ್ಲಿ ಯುಎಫ್‌ಸಿಯ ಹೆವಿವೇಟ್ ಚಾಂಪಿಯನ್ ಆದವರು. 2022ರ ಜನವರಿಯಲ್ಲಿ ಗಾಯಗೊಂಡ ಮಂಡಿಯಲ್ಲೇ ಸಿರಿಲ್ ಗಾನ್ ಎದುರು ಆಡಿ ಪಟ್ಟ ಉಳಿಸಿಕೊಂಡರು. ಬಹಿರಂಗವಾದ ಅವರ ಸಂಭಾವನೆ 6 ಲಕ್ಷ ಡಾಲರ್. ಮುಂದಿನ ಕರಾರಿನ ಮಾತುಕತೆಯಲ್ಲಿ ಅವರು ಆಟಗಾರರಿಗೆ ಆರೋಗ್ಯ ವಿಮೆ ಬೇಕು, ಆಟಗಾರರ ಪರ ಮಾತನಾಡಲು ಒಬ್ಬ ಪ್ರತಿನಿಧಿ ಬೇಕು ಎಂದು ಕೇಳಿದರು. ಒಪ್ಪಂದವಾಗಲಿಲ್ಲ. 2023ರ ಜನವರಿಯಲ್ಲಿ ಪಟ್ಟ ಬಿಟ್ಟು ಹೊರಬಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ ಟೈಸನ್ ಫ್ಯೂರಿ ಎದುರು ಬಾಕ್ಸಿಂಗ್ ಆಡಿದರು. ತೀರ್ಪು ಫ್ಯೂರಿ ಕಡೆ ಹೋಯಿತು, ಆದರೆ ಎನ್‌ಗಾನು ಗಳಿಸಿದ್ದು ಯುಎಫ್‌ಸಿಯ ಆ ಪಟ್ಟದ ಪಂದ್ಯಕ್ಕಿಂತ ಹಲವು ಪಟ್ಟು ಹೆಚ್ಚು. ಬೇಡ ಎನ್ನುವ ಶಕ್ತಿ ಇದ್ದವನಿಗೆ ಮಾತ್ರ ಒಳ್ಳೆಯ ಬೆಲೆ ಸಿಗುತ್ತದೆ. ಆ ಶಕ್ತಿ ಬರುವುದು ಉಳಿತಾಯದಿಂದ.

ತಮ್ಮ ಮತ್ತೆ ನಡೆಯಲು ಶುರು ಮಾಡಿದಾಗ ನಾವಿಬ್ಬರೂ ಕೂತು ಕೆಲವು ಕಟ್ಟುಪಾಡು ಮಾಡಿಕೊಂಡೆವು.

ಮೊದಲ ಕಟ್ಟುಪಾಡು, ಮೂರು ಖಾತೆ. ಒಂದು ಪಂದ್ಯದ ಖಾತೆ. ಶೋ ಮನಿ ಅಲ್ಲಿಗೆ ಬರುತ್ತದೆ, ಕ್ಯಾಂಪಿನ ಖರ್ಚು ಅಲ್ಲಿಂದಲೇ ಹೋಗುತ್ತದೆ. ಕ್ಯಾಂಪಿನ ಖರ್ಚಿಗೂ ಕೋಚ್ ಪಾಲಿಗೂ ಶೋ ಮನಿ ಸಾಲದಿದ್ದರೆ ಆ ಪಂದ್ಯ ಒಪ್ಪಬಾರದು. 2023ರಲ್ಲಿ 30,000 ಶೋ ಮನಿಯ ಕರೆ ಬಂತು. ಕ್ಯಾಂಪಿಗೆ 48,000 ಬೇಕಿತ್ತು. ಎರಡು ದಿನ ಊಟ ಬಿಟ್ಟು ಕೂತ, ಆಮೇಲೆ ಬೇಡ ಅಂದ. ಎರಡನೆಯ ಖಾತೆ ಮನೆಯದು. ಬೆಳಿಗ್ಗೆ ಮತ್ತು ಸಂಜೆ ಮಕ್ಕಳಿಗೆ, ಐಟಿ ಕೆಲಸದವರಿಗೆ ಕಲಿಸಿದ ಫೀ ಅದಕ್ಕೆ. ತಿಂಗಳಿಗೆ ಸರಾಸರಿ 26,000ದಂತೆ ಮೂರು ವರ್ಷದಲ್ಲಿ 9 ಲಕ್ಷ ದಾಟಿತು. ಆರು ವರ್ಷದ ಒಂಬತ್ತು ಪಂದ್ಯಗಳಿಂದ ಬಂದದ್ದು 6,10,000. ಕ್ಯಾಂಪು, ಶಸ್ತ್ರಚಿಕಿತ್ಸೆ, ಫಿಸಿಯೊ ಸೇರಿ ಹೋದದ್ದು 7,85,000. ಅನ್ನ ಹಾಕಿದ್ದು ಪಾಠ ಹೇಳುವ ಕೆಲಸ. ಮೂರನೆಯ ಖಾತೆ ಗೆದ್ದ ದುಡ್ಡಿನದು. ಅದನ್ನು ಯಾರೂ ಮುಟ್ಟುವಂತಿಲ್ಲ. ಆರು ತಿಂಗಳ ಮನೆ ಖರ್ಚಿನಷ್ಟು ಎಫ್.ಡಿ. ಆಗುವ ತನಕ ಅಲ್ಲಿಗೆ, ಆಮೇಲೆ ಸಾರ್ವಜನಿಕ ಭವಿಷ್ಯ ನಿಧಿಗೆ, ಅಂದರೆ ಪಿಪಿಎಫ್‌ಗೆ.

ಪಿಪಿಎಫ್ ಯಾಕೆಂದರೆ, ಆರ್.ಡಿ.ಗೆ ತಿಂಗಳು ತಪ್ಪದೆ ಕಂತು ಕಟ್ಟಬೇಕು, ತಪ್ಪಿದರೆ ದಂಡ. ಪಂದ್ಯ ಯಾವಾಗ ಬರುತ್ತದೋ ತಿಳಿಯದವನಿಗೆ ಅದು ಹೊಂದುವುದಿಲ್ಲ. ಪಿಪಿಎಫ್‌ನಲ್ಲಿ ವರ್ಷಕ್ಕೆ 500 ಕಟ್ಟಿದರೂ ಖಾತೆ ಜೀವಂತ, ಗೆದ್ದ ವರ್ಷ ಒಂದೂವರೆ ಲಕ್ಷದವರೆಗೂ ಹಾಕಬಹುದು. ಅವಧಿ 15 ವರ್ಷ. 22ನೇ ವಯಸ್ಸಿನಲ್ಲಿ ತೆರೆದವನಿಗೆ 37, 38ರ ಹೊತ್ತಿಗೆ, ಅಂದರೆ ಮೈ ಸಾಕು ಎನ್ನುವ ಕಾಲಕ್ಕೆ ಸರಿಯಾಗಿ ಹಣ ಕೈಗೆ ಬರುತ್ತದೆ.

ವಿಮೆಯ ವಿಷಯದಲ್ಲಿ ವೃತ್ತಿಯನ್ನು ಮುಚ್ಚಿಡಬೇಡಿ. ತರಬೇತಿಯಲ್ಲಿ ಆದ ಗಾಯಕ್ಕೆ ಹಣ ಸಿಗುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಪಂದ್ಯದ ಕರಾರಿನಲ್ಲಿ ಆಸ್ಪತ್ರೆ ಖರ್ಚು ಯಾರದು, ಎಷ್ಟು ದಿನದ ತನಕ, ಎದುರಾಳಿ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರೆ ಶೋ ಮನಿ ಬರುತ್ತದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಇರಲೇಬೇಕು. ಒಮ್ಮೆ ತಮ್ಮನ ಎದುರಾಳಿ ತೂಕ ನೋಡುವ ದಿನವೇ ಕಾಯಿಲೆ ಬಿದ್ದ, ಪಂದ್ಯ ರದ್ದಾಯಿತು. ಕರಾರಿನಲ್ಲಿ ಆ ಮಾತೇ ಇರಲಿಲ್ಲ. ಆಯೋಜಕರು ಬಸ್ ಚಾರ್ಜನ್ನೂ ಕೊಡಲಿಲ್ಲ. ಹಣವನ್ನು ಬ್ಯಾಂಕ್ ಮೂಲಕವೇ ಪಡೆಯಿರಿ, ಪ್ರತಿವರ್ಷ ರಿಟರ್ನ್ಸ್ ಸಲ್ಲಿಸಿ. ಕಡಿತವಾದ ತೆರಿಗೆ ವಾಪಸ್ ಬರುವ ದಾರಿ ಅದೊಂದೇ. ಮುಂದೆ ಜಿಮ್ ತೆರೆಯಲು ಸಾಲ ಕೇಳಿದಾಗ ಬ್ಯಾಂಕ್ ಮೊದಲು ನೋಡುವುದೂ ಅದನ್ನೇ.

ಕೊನೆಯದು ದೇಹದ ಲೆಕ್ಕ. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಲಾಸ್ ವೇಗಸ್ ಕೇಂದ್ರ 2011ರಿಂದ ವೃತ್ತಿಪರ ಹೋರಾಟಗಾರರ ಮಿದುಳನ್ನು ಅಧ್ಯಯನ ಮಾಡುತ್ತಿದೆ. ತಲೆಗೆ ಬಿದ್ದ ಪೆಟ್ಟು ಕೂಡುತ್ತಾ ಹೋಗುತ್ತದೆ, ಕಳೆಯುವುದಿಲ್ಲ. ನಾಕೌಟ್ ಆದ ಹುಡುಗ ಹಣದ ಅಡಚಣೆಯಿಂದ ಮುಂದಿನ ತಿಂಗಳೇ ಕೇಜಿಗೆ ಇಳಿಯುವಂತಾಗಬಾರದು. ಆರು ತಿಂಗಳ ಎಫ್.ಡಿ. ಇರುವುದು ಅದಕ್ಕಾಗಿಯೇ. ಆ ಹಣ ಅವನ ತಲೆಯನ್ನು ಕಾಯುತ್ತದೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈ ಆಟ ಆರಿಸಿಕೊಂಡರೆ ತಡೆಯಬೇಡಿ. ಅದರಲ್ಲಿ ಶಿಸ್ತಿದೆ, ಧೈರ್ಯವಿದೆ, ನಮ್ಮ ಗರಡಿ ಮನೆಯ ಸಂಸ್ಕಾರವೂ ಇದೆ. ಆದರೆ ಮೊದಲ ಕರಾರಿಗೆ ಸಹಿ ಹಾಕುವ ದಿನವೇ ಮನೆಯ ಒಬ್ಬರು ಲೆಕ್ಕದ ಪುಸ್ತಕ ತೆರೆಯಿರಿ.

ಕಳೆದ ಪಂದ್ಯದಲ್ಲಿ ನನ್ನ ತಮ್ಮ ಸೋತ. ಶೋ ಮನಿ 60,000. ಕೋಚ್ ಪಾಲು 6,000. ಕ್ಯಾಂಪಿಗೆ 52,000. ಟಿಡಿಎಸ್ ವಾಪಸ್ ಬಂದ ಮೇಲೆ ಉಳಿದದ್ದು 2,000. ಸೋತ ಪಂದ್ಯದ ಪುಟದಲ್ಲಿ ನಾನು ‘ಉಳಿತಾಯ’ ಎಂದು ಬರೆದದ್ದು ಅದೇ ಮೊದಲು. ನನ್ನ ಬಳೆ ನನ್ನ ಕೈಯಲ್ಲೇ ಇದ್ದವು.