ಮುಚ್ಚಿಟ್ಟ ಸಂಗತಿ ಯಾರ ಸೊತ್ತು?

ಮಣಿಪಾಲದಲ್ಲಿ ವೈದ್ಯಕೀಯ ಓದುತ್ತಿರುವ ಕಿರಿಯ ಓದುಗರಿಗೆ ಉಡುಪಿಯ ಹಿರಿಯರೊಬ್ಬರ ಆಶೀರ್ವಾದಗಳು.

ತನ್ನ ದೇಹ, ಕಾಯಿಲೆ, ನಂಬಿಕೆ, ಮನೆಯ ಬದುಕು ಇವುಗಳಲ್ಲಿ ಎಷ್ಟನ್ನು ಯಾರ ಮುಂದೆ ಬಿಚ್ಚಿಡಬೇಕೆಂದು ವ್ಯಕ್ತಿಯೇ ತೀರ್ಮಾನಿಸುವ ಅಧಿಕಾರಕ್ಕೆ ಖಾಸಗಿತನವೆಂದೂ, ತಿಳಿಯುವ ಹಕ್ಕುಳ್ಳವರಿಂದಲೇ ಸಂಗತಿಯನ್ನು ಮರೆಸುವುದಕ್ಕೆ ಮುಚ್ಚುಮರೆಯೆಂದೂ ಹೆಸರು. ಎರಡರಲ್ಲೂ ಏನೋ ಒಂದು ಹೊರಗೆ ಕಾಣದಂತೆ ಉಳಿಯುವುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸುಲಭವಾಗಿದ್ದು, ಆ ಸಂಗತಿ ಯಾರಿಗೆ ಸೇರಿದ್ದು ಎಂದು ಕೇಳಿಕೊಂಡಾಗ ಮಾತ್ರ ಅವು ಬೇರ್ಪಡುತ್ತವೆ.

ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದ ಊರಿನಲ್ಲಿ ಕಲಿಯುವವರಿಗೆ ರೋಗಿಯ ಕಡತವೇ ಇದಕ್ಕೆ ತಕ್ಕ ನಿದರ್ಶನ. ವೈದ್ಯವೃತ್ತಿಯ ನೀತಿಯನ್ನು ಕುರಿತ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಯನ್ನು 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅದೇ ವರ್ಷದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೂ, ತಾವೇ ಹೇಳಿದ ಕೆಲವು ಸಂದರ್ಭಗಳ ಹೊರತು, ಇಂಥ ವಿವರ ಪರರ ಕಿವಿಗೆ ಬೀಳದಂತೆ ತಡೆಯುತ್ತವೆ. ಹೀಗೆ ಒಂದೇ ಕಡತವನ್ನು ನೆರೆಕರೆಯವರಿಗೆ ತೋರಿಸದಿದ್ದರೆ ಖಾಸಗಿತನ ಉಳಿಯುತ್ತದೆ, ರೋಗಿಗೇ ತೋರಿಸದಿದ್ದರೆ ಅದು ಮುಚ್ಚುಮರೆಯಾಗುತ್ತದೆ. ಕಾಪು, ಕಾರ್ಕಳದ ಕಡೆಯಿಂದ ಬಂದವರ ಕಾಯಿಲೆಯ ಸುದ್ದಿ ಬಸ್ಸಿನಲ್ಲಾಗಲಿ ಮೊಬೈಲಿನ ಗುಂಪಿನಲ್ಲಾಗಲಿ ವಿದ್ಯಾರ್ಥಿಗಳ ಬಾಯಿಂದ ಜಾರಬಾರದು. ಮನೆತನ ಮತ್ತು ಊರು ತಿಳಿದರೆ ಆಳು ಯಾರೆಂದು ಗೊತ್ತಾಗಿಬಿಡುವ ಈ ಕರಾವಳಿಯಲ್ಲಿ ಹೆಸರನ್ನು ಮಾತ್ರ ಬಿಟ್ಟು ಹೇಳುವುದು ಯಾರನ್ನೂ ಕಾಪಾಡುವುದಿಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಹುಟ್ಟಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ತೀರ್ಪಿನಲ್ಲಿಯೇ ನ್ಯಾಯಮೂರ್ತಿ ಚಂದ್ರಚೂಡರು ಈ ಹಕ್ಕು ಪುರುಷಾಧಿಪತ್ಯವನ್ನು ಮರೆಮಾಡುವ ಪರದೆಯಾಗಬಾರದೆಂದು ಎಚ್ಚರಿಸಿದ್ದು ಅಷ್ಟೇ ಮುಖ್ಯವಾದುದು. ಪೆಟ್ಟು ತಿಂದು ಆಸ್ಪತ್ರೆಗೆ ಬಂದ ಹೆಣ್ಣಿನ ಬಾಯನ್ನು ಮನೆಯ ಮಾತು ಹೊರಗೆ ಹೋಗಬಾರದೆಂದು ಮುಚ್ಚಿಸುವವರು ಹೊಡೆದವನ ಗುಟ್ಟನ್ನು ಕಾಯುತ್ತಾರೆ. ಆಕೆಗೆ ಸೇರಿದ ನೋವನ್ನು ಆಕೆಯಿಂದಲೇ ಕಸಿಯುತ್ತಾರೆ.

ಸಾರ್ವಜನಿಕ ಹಣ, ಗಾಳಿ, ನೀರಿನ ವಿಷಯ ಇಷ್ಟು ಸೂಕ್ಷ್ಮವಲ್ಲ. ಕಾರ್ಕಳದ ಬೈಲೂರಿನಲ್ಲಿ 2023ರ ಜನವರಿಯಲ್ಲಿ ಅನಾವರಣಗೊಂಡ ಪರಶುರಾಮನ ಮೂರ್ತಿ ಕಂಚಿನದೇ ಎಂಬ ಪ್ರಶ್ನೆ ಎದ್ದಾಗ, ಉತ್ತರ ಯಾವ ಪಕ್ಷಕ್ಕೆ ಹಿತವಾದರೂ, ಲೋಹದ ವಿವರವೂ ಖರ್ಚಿನ ಬಿಲ್ಲುಗಳೂ ತೆರಿಗೆ ಕೊಟ್ಟವರಿಗೇ ಸೇರಿದ್ದವು. ಕಾಪು ತಾಲೂಕಿನ ಎಲ್ಲೂರಿನಲ್ಲಿರುವ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸುತ್ತಲಿನ ಗಾಳಿ, ನೀರಿನ ಪರೀಕ್ಷೆಯ ಫಲಿತಾಂಶಗಳೂ ಅಲ್ಲಿ ಉಸಿರಾಡುವವರ ಸೊತ್ತು. ಮಾಹಿತಿ ಹಕ್ಕು, ಅಂದರೆ ಸರ್ಕಾರದ ಕೈಯಲ್ಲಿರುವ ದಾಖಲೆಯನ್ನು ಪ್ರಜೆ ಕೇಳಿ ಪಡೆಯುವ ಅಧಿಕಾರ, 2005ರ ಕಾಯ್ದೆಯಿಂದ ದೇಶಕ್ಕೆಲ್ಲ ದೊರೆತದ್ದು ಇಂಥ ಸಂಗತಿಗಳಿಗಾಗಿ.

ಕಿರಿಯರಿಗೆ ಕಷ್ಟವೆನಿಸುವ ಗಳಿಗೆ ಬೇರೆಯೇ ಇದೆ. ವಯಸ್ಸಿಗೆ ಬಂದ ಮಗಳ ವರದಿಯನ್ನು ತಂದೆಯೇ ಬಂದು, ಆಸ್ಪತ್ರೆಯ ಬಿಲ್ಲು ಕಟ್ಟಿದವನು ತಾನೆಂದು ಹೇಳಿ ನ್ಯಾಯವಾದ ಕಳವಳದಿಂದ ಕೇಳಿದಾಗ, ಅವರನ್ನು ಗೌರವದಿಂದ ಕೂರಿಸಿ, ಒಳಗೆ ಹೋಗಿ, ಮೊದಲು ಮಗಳನ್ನೇ ಕೇಳಬೇಕು.

ಇತಿ,
ಹಿತೈಷಿ